ಬಾಣದ ಗುರುತು

ಮುರಿದಿದ್ದು ಎಡತೊಡೆಯ ಮೂಳೆ. ಮೊದಲು ಕೊಯ್ದಿದ್ದು ಬಲತೊಡೆಯನ್ನು.

ಎಂಟು ವರ್ಷದ ಹುಡುಗಿ. ಮನೆಯಲ್ಲಿ ಗಿರಗಿಟ್ಲೆ ಎಂದೇ ಹೆಸರು, ನಿಂತಲ್ಲಿ ನಿಂತವಳಲ್ಲ. ರಸ್ತೆ ದಾಟುವಾಗ ಬೈಕು ಗುದ್ದಿತ್ತು. ಆಪರೇಷನ್ನಿನ ಹಿಂದಿನ ಸಂಜೆ ಕಿರಿಯ ಡಾಕ್ಟರೊಬ್ಬರು ಬಂದು, ಎಡಗಾಲಿಗೆ ಸುತ್ತಿದ್ದ ಬ್ಯಾಂಡೇಜಿನ ಮೇಲೆ ದಪ್ಪ ಪೆನ್ನಿನಿಂದ ಒಂದು ಬಾಣ ಬರೆದು ಹೋದರು. ಪಕ್ಕದಲ್ಲೇ ಕೂತಿದ್ದ ತಾಯಿಯ ಕಣ್ಣಿಗೆ ಅದು ಚುಚ್ಚಿತು. ಹನ್ನೆರಡು ವರ್ಷದಿಂದ ಸ್ಕೂಲ್ ಯೂನಿಫಾರಂ ಹೊಲಿಯುವವಳು ಅವಳು. ಗುರುತು ಹಾಕುವುದು ಬಟ್ಟೆಯ ಮೇಲೆಯೇ ಹೊರತು ಬಟ್ಟೆ ಸುತ್ತಿ ತಂದ ಕಾಗದದ ಮೇಲಲ್ಲ ಎಂಬುದು ಕಾಜಾ ಹೊಲಿಯಲು ಮೊನ್ನೆ ಸೇರಿದವಳಿಗೂ ಗೊತ್ತು. ಆದರೆ ಸೂಜಿ ಹಿಡಿದವರೆಲ್ಲ ಡಾಕ್ಟರಿಗೆ ಪಾಠ ಹೇಳುವುದುಂಟೆ? ಬಾಯಿ ಮುಚ್ಚಿಕೊಂಡಳು.

ಮರುದಿನ ಮಗುವಿಗೆ ಅರಿವಳಿಕೆ ಕೊಟ್ಟು ಬ್ಯಾಂಡೇಜು ಬಿಚ್ಚಿದರು. ಬಾಣವೂ ಅದರ ಜೊತೆಗೇ ಕಸದ ಬುಟ್ಟಿ ಸೇರಿತು. ಬಲತೊಡೆಯನ್ನು ಮೊಣಕಾಲಿಗಿಂತ ತುಸು ಮೇಲೆ ಎರಡು ಕಡೆ ಕೊಯ್ದು, ಮೂಳೆಗೊಂದು ತೂತನ್ನೂ ಕೊರೆದ ಮೇಲೆ ಎಕ್ಸ್-ರೇ ಪರದೆಯಲ್ಲಿ ನೋಡುತ್ತಾರೆ, ಮೂಳೆ ಕಬ್ಬಿನ ಜಲ್ಲೆಯ ಹಾಗೆ ನೆಟ್ಟಗಿದೆ! ಊದಿಕೊಂಡ ಎಡತೊಡೆ ಹಸಿರು ಬಟ್ಟೆಯ ಕೆಳಗೆ ತನ್ನ ಸರದಿ ಕಾಯುತ್ತಿತ್ತು. ಗಡಿಬಿಡಿಯಲ್ಲಿ ಬಲಗಾಲು ಹೊಲಿದು, ಎಡಕ್ಕೆ ಬಂದು, ಮೂಳೆಯೊಳಗೆ ಎರಡು ಬಳುಕುವ ಕಂಬಿ ತೂರಿಸಿದರು. ಆ ಕೆಲಸ ಮಾತ್ರ ಅಚ್ಚುಕಟ್ಟು, ಎರಡು ಮಾತಿಲ್ಲ. ತಾಯಿಗೆ ಯಾರೂ ಏನೂ ಹೇಳಲಿಲ್ಲ. ಎರಡೂ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಗು ಹೊರಬಂದಾಗ, ಕಸದ ಬುಟ್ಟಿ ಸೇರಿದ ಬಾಣ ಅವಳಿಗೆ ಕೂತಲ್ಲಿಂದಲೇ ಕಂಡೇಬಿಟ್ಟಿತು.

ಬೆಳಗಾಗುವಷ್ಟರಲ್ಲಿ ವಾರ್ಡಿನ ಗೋಡೆಗೆ ಹೊಸ ನೋಟೀಸು: ‘ಆಪರೇಷನ್ ಗುರುತನ್ನು ಚರ್ಮದ ಮೇಲೆಯೇ ಹಾಕತಕ್ಕದ್ದು. ಹಾಕಿದ ಗುರುತನ್ನು ಯಾರು ಹೇಳಿದರೂ ಒರೆಸತಕ್ಕದ್ದಲ್ಲ.’ ಕೆಳಗೆ ದೊಡ್ಡ ಡಾಕ್ಟರ ಸಹಿ. ಅಂಟು ಇನ್ನೂ ಒಣಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇಲ್ಲಿ ಕಳ್ಳ ಎಂದು ಯಾರೂ ಇನ್ನೂ ಅಂದೇ ಇರಲಿಲ್ಲ.

ಹತ್ತು ಗಂಟೆಗೆ ದೊಡ್ಡ ಡಾಕ್ಟರೇ ಬಂದರು. ಕೈಯಲ್ಲೊಂದು ಕಾಗದ, ಹಿಂದೆ ಟ್ರೇ ಹಿಡಿದ ಸಿಸ್ಟರು.

“ನೋಡಮ್ಮ, ಮಕ್ಕಳಲ್ಲಿ ಮುರಿದ ಕಾಲು ಕೂಡೋವಾಗ ಒಂಚೂರು ಜಾಸ್ತಿ ಬೆಳೆಯುತ್ತೆ. ಎರಡೂ ಸಮ ಇರ್ಲಿ ಅಂತ ಬಲಗಾಲಿಗೂ ಸ್ವಲ್ಪ ಕೈ ಹಾಕಿದ್ವಿ. ಇಲ್ಲೊಂದು ಸಹಿ ಮಾಡ್ಬಿಡಿ.”

ತಾಯಿ ಓದಿದಳು. ‘ಎರಡೂ ಕಾಲುಗಳ ಶಸ್ತ್ರಚಿಕಿತ್ಸೆಗೆ ನನ್ನ ಪೂರ್ಣ ಒಪ್ಪಿಗೆ ಇದೆ.’ ತಾರೀಖು ಮೊನ್ನೆಯದು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಾರೆ ಅಂತ ಕೇಳಿದ್ದೆ ಸಾರ್. ಬರೆ ಎಳೆದು ಎಮ್ಮೆ ಹತ್ರ ಸಹಿ ಕೇಳೋದು ಇವತ್ತೇ ನೋಡಿದ್ದು.”

ಸಿಸ್ಟರು ಬೇಕೆಂದೇ ಕೆಮ್ಮಿದರು. ದೊಡ್ಡ ಡಾಕ್ಟರು ನಗಲಿಲ್ಲ.

“ಒಳಗಿರೋ ಕಂಬೀನ ಆರು ತಿಂಗಳು ಬಿಟ್ಟು ತೆಗೀಬೇಕು. ತೆಗೆಯೋರೂ ನಾವೇ. ನೆನಪಿರ್ಲಿ.”

ತಾಯಿ ಮಗಳ ಕಡೆ ನೋಡಿದಳು. ಮಗಳ ಕಾಲು ಇವರ ಕೈಯಲ್ಲೇ ಇದೆ, ಇನ್ನೂ ಆರು ತಿಂಗಳು. ಪೆನ್ನು ತೆಗೆದುಕೊಂಡಳು.

“ಅಮ್ಮಾ,” ಎಂದಿತು ಮಗು, “ನಂದು ಎರಡೂ ಕಾಲು ಮುರಿದಿತ್ತಾ? ಬಿದ್ದಾಗ ಒಂದೇ ನೋಯ್ತಿತ್ತಲ್ಲ?”

ತಾಯಿ ಬಾಯಿ ತೆರೆಯುವ ಮೊದಲೇ ದೊಡ್ಡ ಡಾಕ್ಟರು ಮಗುವಿನ ಕೆನ್ನೆ ತಟ್ಟಿದರು. “ಎರಡೂ ಪುಟ್ಟಾ. ನಿಂಗೆ ಗೊತ್ತಾಗಿಲ್ಲ, ಅಷ್ಟೆ.”

“ಹೌದಾ?” ಗಿರಗಿಟ್ಲೆ ತನ್ನ ಬಲಗಾಲನ್ನೇ ದುರುಗುಟ್ಟಿ ನೋಡಿದಳು, ಅದು ತನಗೆ ಸುಳ್ಳು ಹೇಳಿದ ಹಾಗೆ.

ತಾಯಿ ಪೆನ್ನನ್ನು ಕಾಗದದ ಮೇಲಿಟ್ಟು ಎರಡನ್ನೂ ಪಕ್ಕಕ್ಕೆ ಸರಿಸಿದಳು. “ಇದು ಬೇಡ. ಸಿಸ್ಟರ್, ಆವತ್ತು ಬಾಣ ಬರೆದ್ರಲ್ಲ, ಆ ದಪ್ಪ ಪೆನ್ನು ಕೊಡ್ತೀರಾ?”

ಸಿಸ್ಟರು ಒಮ್ಮೆ ದೊಡ್ಡ ಡಾಕ್ಟರ ಕಡೆ ನೋಡಿ, ಜೇಬಿನಿಂದ ತೆಗೆದುಕೊಟ್ಟರು. ತಾಯಿ ಹೊದಿಕೆ ಸರಿಸಿದಳು. ಬಲತೊಡೆಯಲ್ಲಿ, ಪಟ್ಟಿಗಿಂತ ನಾಲ್ಕು ಬೆರಳು ಮೇಲೆ, ಬರಿಯ ಚರ್ಮದ ಮೇಲೆ ಬರೆದಳು. ಅಂಗಿಗಳು ಅದಲುಬದಲಾಗದಿರಲೆಂದು ಕಾಲರಿನ ಒಳಗೆ ಮಕ್ಕಳ ಹೆಸರು ಬರೆಯುವ ಅದೇ ದುಂಡು ಅಕ್ಷರ: ‘ಇದು ಮುರಿದಿರಲಿಲ್ಲ.’

“ಓದು,” ಎಂದಳು ಮಗಳಿಗೆ.

ಮಗು ಒಂದೊಂದೇ ಅಕ್ಷರ ಕೂಡಿಸಿ, ವಾರ್ಡಿಗೆಲ್ಲ ಕೇಳುವಂತೆ ಓದಿತು. ಆಚೆ ಈಚೆ ಮಂಚದವರು ಎದ್ದು ಕೂತರು.

“ಏನ್ರೀ ಇದು ಹುಚ್ಚಾಟ?” ದೊಡ್ಡ ಡಾಕ್ಟರ ಮುಖ ಕೆಂಪಾಯಿತು. “ಸಿಸ್ಟರ್, ಸ್ಪಿರಿಟ್ ಹಾಕಿ ಒರೆಸಿ ಅದನ್ನ!”

ಸಿಸ್ಟರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರು. ಹಿಂಡಿದರು. ಬೆಳಿಗ್ಗೆ ತಾವೇ ಅಂಟಿಸಿದ ನೋಟೀಸಿನತ್ತ ಒಮ್ಮೆ ತಿರುಗಿ ನೋಡಿದರು. ಆಮೇಲೆ ಹತ್ತಿಯನ್ನು ಟ್ರೇಯಲ್ಲಿಟ್ಟು ಮುಚ್ಚಳ ಮುಚ್ಚಿದರು.

“ಆಗಲ್ಲ ಸಾರ್. ನಿಮ್ಮ ಸಹಿ ಇದೆ.”