‘ಇತರರು’ ಸಾಲಿನ ಫೊಸುವಾ

“ನಾನು ‘ಇತರರು’ ಆಗ್ತೀನಾ?” ಎಂದು ಫೊಸುವಾ ಕಂಪ್ಯೂಟರ್ ಪರದೆಗೆ ಬೆರಳು ಒತ್ತಿ ಕೇಳಿದಳು. ತನ್ನ ಊಟದಂಗಡಿಯಿಂದ ಹಾಗೇ ಎದ್ದು ಮುದ್ರಣದಂಗಡಿಗೆ ಬಂದಿದ್ದಳು. ಬೆರಳಿನ ತಾಳೆಎಣ್ಣೆ ತಾಗಿ ಆ ಪದ ಕೆಂಪಗಾಯಿತು.

ಪರದೆಯ ಮೇಲೆ ಲಾರಿ ಡ್ರೈವರ್ ಸಾರ್ಪಾಂಗ್‌ನ ಶವಸಂಸ್ಕಾರದ ಪೋಸ್ಟರ್ ಇತ್ತು. ಕಪ್ಪು ಕನ್ನಡಕ ಹಾಕಿಕೊಂಡು, ತನಗೂ ಈ ಸಾವಿಗೂ ಸಂಬಂಧವೇ ಇಲ್ಲವೆಂಬಂತೆ ಅವನು ನಗುತ್ತಿದ್ದ. ಅವನ ಕೆಳಗೆ ನೆಂಟರು ತಂತಮ್ಮ ಶೀರ್ಷಿಕೆ ಹಿಡಿದು ನಿಂತಿದ್ದರು: ಕುಲದ ಯಜಮಾನರು, ಮುಖ್ಯ ದುಃಖತಪ್ತರು, ಸೋದರಳಿಯಂದಿರು, ಬೀಗರು. ‘ವಿಧವೆ’ ಎಂಬುದರ ಕೆಳಗೆ ಖಾಲಿ. ಕಟ್ಟಕಡೆಗೆ ‘ಇತರರು’. ಅಲ್ಲಿ ಲಾರಿ ಚಾಲಕರ ಸಂಘಕ್ಕೂ ಇಸ್ಪೀಟು ಗೆಳೆಯರಿಗೂ ನಡುವೆ ಫೊಸುವಾಳ ಹೆಸರು.

“ನಾನೇನು ಮಾಡ್ಲಿ ತಾಯಿ?” ಎಂದರು ಕುಲದ ಯಜಮಾನರಾದ ಅಡೊಮಾಕೊ. “ಸಾರ್ಪಾಂಗ್ ನಿಮ್ಮನೆಗೆ ಹೆಣ್ಣು ಕೇಳೋಕೆ ಮದುವೆ ಹೆಂಡದ ಬಾಟ್ಲಿ ತಗೊಂಡು ಬಂದಿದ್ನಾ?”

“ತರ್ತೀನಿ ತರ್ತೀನಿ ಅಂತಿದ್ದ. ಮೊದಲು ಟೈರು ಹಾಕಿಸ್ಬೇಕು ಅಂದ. ಆಮೇಲೆ ಎಂಜಿನ್ನು ಅಂದ. ಆಮೇಲೆ ಸತ್ತ.”

“ನೋಡು ಮತ್ತೆ. ಬಾಟ್ಲಿ ಬಂದಿಲ್ಲ ಅಂದ್ರೆ ಹೆಂಡತಿ ಅಲ್ಲ. ಹೆಂಡತಿ ಅಲ್ಲ ಅಂದ್ಮೇಲೆ ವಿಧವೆ ಹೇಗಾಗ್ತೀಯ? ನೆಂಟಳೂ ಅಲ್ಲ. ಉಳಿದಿದ್ದು ಇತರರು.”

“ಮತ್ತೆ ಕಂದನಕಾಯಿ?”

ಯಜಮಾನರು ಗಂಟಲು ಸರಿಮಾಡಿಕೊಂಡರು. ಕೊನೊಂಗೊ ಊರಿನಲ್ಲಿ ಕೋಳಿಯ ಯಾವ ತುಂಡು ಯಾರಿಗೆ ಹೋದರೂ ಕೇಳುವವರಿಲ್ಲ; ಜಠರದ ತುಂಡಾದ ಕಂದನಕಾಯಿ ಮಾತ್ರ ಗಂಡನ ಬಟ್ಟಲಿಗೇ ಬೀಳಬೇಕು.

“ಇಷ್ಟು ವರ್ಷ ನನ್ನಂಗಡೀಲಿ ಕಂದನಕಾಯಿ ಯಾರಿಗೆ ಬಡಿಸ್ತಿದ್ದೆ? ಒಂದ್ಸಲ ನೀವು ಕೈ ಹಾಕಿದ್ರಿ. ಸೌಟಲ್ಲಿ ಏಟು ಕೊಟ್ಟಿದ್ದು ಜ್ಞಾಪಕ ಇದೆಯಾ?”

“ಇದೆ,” ಎಂದು ಅಡೊಮಾಕೊ ಮಣಿಕಟ್ಟು ಸವರಿಕೊಂಡರು. “ಆದ್ರೆ ಅದಕ್ಕೆ ಸಾಕ್ಷಿ ಯಾರು? ತಿಂದವನೇ ಹೋದ.”

ಪೋಸ್ಟರ್ ಮಾಡುತ್ತಿದ್ದ ಒಟೆಂಗ್‌ಗೆ ಸಂಜೆಯೊಳಗೆ ಅದನ್ನು ಮುದ್ರಿಸಿ ಮುಗಿಸಬೇಕಿತ್ತು. “ಅಕ್ಕಾ, ‘ಹಿತೈಷಿಗಳು’ ಅಂತ ಹಾಕ್ಲಾ? ಕೇಳೋಕೆ ಚೆನ್ನಾಗಿರುತ್ತೆ.”

“ಅವನ ಚಡ್ಡಿ ಒಗೀತಿದ್ದೋಳು ಹಿತೈಷಿನಾ?”

ಒಟೆಂಗ್ ಮತ್ತೆ ಕೀಲಿಮಣೆಯ ಕಡೆ ತಲೆ ತಗ್ಗಿಸಿದ.

ಫೊಸುವಾ ಸೊಂಟದ ಬಟ್ಟೆ ಬಿಗಿದು ಕಟ್ಟಿಕೊಂಡಳು. “ಆಯ್ತು ಯಜಮಾನ್ರೇ. ಶನಿವಾರ ಈ ಇತರರು ಬಂದು ಏನ್ಮಾಡ್ಬೇಕು?”

“ಏನಿಲ್ಲ. ಬರೋದು, ಕೈ ಕುಲುಕೋದು, ಊಟ ಮಾಡೋದು.”

“ಅಡುಗೆ?”

“ಅಡುಗೆ ಹೇಗೂ ನೀನೇ…”

“ಇತರರು ಎಲ್ಲಾದ್ರೂ ಒಲೆ ಹಚ್ತಾರಾ? ನಾನು ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚೀಲಿ ಕೂತ್ಕೊಂಡು, ಅನ್ನ ಯಾಕೆ ಇನ್ನೂ ಬಂದಿಲ್ಲ ಅಂತ ಗೊಣಗ್ತೀನಿ. ನಿಮ್ಮ ಮುಖ್ಯ ದುಃಖತಪ್ತರು ಬಡಿಸ್ಲಿ.”

ಹಸಿದ ಊರು, ಸೀದ ಪಾತ್ರೆಗಳು, ಹೊಗೆಯಲ್ಲಿ ಕೆಮ್ಮುವ ಸೋದರಳಿಯಂದಿರು ಯಜಮಾನರ ಕಣ್ಣಮುಂದೆ ಬಂದಿರಬೇಕು. ಊಟ ಸಾಲದ ಸಾವನ್ನು ಕೊನೊಂಗೊ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತದೆ.

“ಬೆದರಿಸ್ತೀಯಾ?”

“ಅಡುಗೆ ಮಾತು ಬಿಡಿ,” ಎಂದಳು ಫೊಸುವಾ. ಈಗ ಅವಳ ದನಿ ತಗ್ಗಿತ್ತು. “ವಿಧವೆ ಆದ್ರೆ ಮಾತ್ರ ಹೆಣದ ಪಕ್ಕ ಕೂರೋಕೆ ಬಿಡ್ತೀರಿ. ಇತರರು ಸಾಲಲ್ಲಿ ಬಂದು, ನೋಡಿ, ಮುಂದೆ ಹೋಗ್ತಾ ಇರ್ಬೇಕು. ನಾನು ಅವನ್ನ ಹಾಗೆ ನೋಡ್ಕೊಂಡು ಮುಂದೆ ಹೋಗ್ಲಾ?”

ಅಡೊಮಾಕೊ ಸಾರ್ಪಾಂಗ್‌ನ ಕಪ್ಪು ಕನ್ನಡಕದ ಕಡೆ ನೋಡಿದರು. ಆಮೇಲೆ ತಮ್ಮ ಚೀಲಕ್ಕೆ ಕೈಹಾಕಿ ಒಂದು ಬಾಟಲಿ ತೆಗೆದರು. ಸಾವಿನ ಸುದ್ದಿ ಮುಟ್ಟಿಸಲು ಊರ ದೊರೆಗೆಂದು ತಂದದ್ದು.

“ದೊರೆಗೆ?” ಎಂದ ಒಟೆಂಗ್.

“ದೊರೆಗೆ ನಾಳೆ ಇನ್ನೊಂದು. ಇವತ್ತು ಇದೇ ಮದುವೆ ಬಾಟ್ಲಿ. ಆದ್ರೆ ಇದನ್ನ ಈಸ್ಕೊಳ್ಳೋಕೆ ಹೆಣ್ಣಿನ ಕಡೆಯವರು ಬೇಕಲ್ಲ. ನಿನ್ನಣ್ಣ ಎಲ್ಲಮ್ಮಾ?”

“ಅಬಿಜಾನ್‌ನಲ್ಲಿ. ಅವನು ಫೋನೂ ಎತ್ತಲ್ಲ.”

“ಅಕ್ಕಾ, ನಿಮ್ದು ಯಾವ ಕುಲ?” ಎಂದು ಒಟೆಂಗ್ ಮೆಲ್ಲಗೆ ಕೇಳಿದ.

“ಅಸೊನಾ.”

“ನಂದೂ ಅಸೊನಾ.”

ಒಂದೇ ಕುಲದಲ್ಲಿ ಹುಟ್ಟಿದವರೆಲ್ಲ ಒಡಹುಟ್ಟಿದವರೇ. ಯಾರು ಯಾವ ಸಾಲಿಗೆ ಎಂದು ಬದುಕಿಡೀ ವಿಂಗಡಿಸಿದ ಅಡೊಮಾಕೊ ಇದನ್ನು ಅಲ್ಲಗಳೆಯುವಂತಿರಲಿಲ್ಲ. ಒಟೆಂಗ್ ಎದ್ದು ಅಂಗಿಯ ಗುಂಡಿ ಹಾಕಿಕೊಂಡ, ಶಾಯಿ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಬನ್ನಿ ಬೀಗರೇ, ಕೂತ್ಕೊಳ್ಳಿ. ಏನು ಬಂದ ವಿಷಯ?”

“ನಮ್ಮ ಹುಡುಗ ನಿಮ್ಮ ತೋಟದಲ್ಲಿ ಒಂದು ಹೂವು ನೋಡಿದ್ದಾನೆ,” ಎಂದು ಯಜಮಾನರು ವಾಡಿಕೆಯ ಮಾತು ಶುರುಮಾಡಿ, ಪರದೆಯ ಕಡೆ ಕಣ್ಣು ಹಾಯಿಸಿ, “ನೋಡಿದ್ದ,” ಎಂದು ತಿದ್ದಿಕೊಂಡರು.

ಒಟೆಂಗ್ ಫೊಸುವಾಳ ಕಡೆ ತಿರುಗಿದ. ಹೆಣ್ಣನ್ನು ಮೂರು ಸಲ ಕೇಳಬೇಕು. “ಅಕ್ಕಾ, ಈ ಬಾಟ್ಲಿ ಈಸ್ಕೊಳ್ಳೋಣವಾ?”

“ಈಸ್ಕೋ.”

“ಈಸ್ಕೊಳ್ಳೋಣವಾ?”

“ಈಸ್ಕೋ ಅಂದ್ನಲ್ಲ.”

“ಈಸ್ಕೊಳ್ಳೋಣವಾ?”

ಫೊಸುವಾ ಸಾರ್ಪಾಂಗ್‌ನನ್ನು ನೋಡಿದಳು. “ತಡಿ. ಇವನು ನನ್ನ ಎಷ್ಟು ಕಾಯಿಸಿದ್ದಾನೆ. ಇವನೂ ಸ್ವಲ್ಪ ಕಾಯ್ಲಿ.”

ಕಾದರು. ಹೊರಗೆ ಒಂದು ವ್ಯಾನು ಕುಮಾಸಿ, ಕುಮಾಸಿ ಎಂದು ಊರ ಹೆಸರು ಕೂಗಿ ಜನರನ್ನು ತುಂಬಿಸಿಕೊಂಡು ಹೊರಟುಹೋಯಿತು. ಯಜಮಾನರು ಬೆವರು ಒರೆಸಿಕೊಂಡರು.

“ಹೂಂ. ಈಸ್ಕೋ.”

ಒಟೆಂಗ್ ಅವಳ ಹೆಸರನ್ನು ಇಸ್ಪೀಟು ಗೆಳೆಯರ ಪಕ್ಕದಿಂದ ಎತ್ತಿ ‘ವಿಧವೆ’ಯ ಕೆಳಗೆ ಇಟ್ಟ. ಇನ್ನೇನು ಮುದ್ರಣದ ಗುಂಡಿ ಒತ್ತಬೇಕು, ಫೊಸುವಾ ಅವನ ಕೈ ಹಿಡಿದಳು.

“ಅಲ್ಲಿ ‘ಹೆಂಡತಿ’ ಅಂತ ಹಾಕು.”

“ಹಾಗೆ ಅಚ್ಚು ಹಾಕೋಕಾಗಲ್ಲಮ್ಮಾ,” ಎಂದರು ಅಡೊಮಾಕೊ.

“ಅಚ್ಚು ಹಾಕ್ಬೇಡಿ,” ಎಂದು ಅವಳು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. “ಒಂದ್ನಿಮಿಷ ನೋಡ್ಕೋತೀನಿ. ಆಮೇಲೆ ವಿಧವೆ ಮಾಡಿ.”