ಇನ್ನೂರ ಹತ್ತೊಂಬತ್ತನೆಯ ಚೀಲ

ಅರಗು ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ಕ್ಯಾಷಿಯರಮ್ಮ ಖಜಾನೆ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಏನ್ರೀ ಇದು, ಸುಟ್ಟ ವಾಸನೆ?"

"ಈ ಚೀಲದ ಮುದ್ರೆ ಬಿರುಕು ಬಿಟ್ಟಿತ್ತು. ಹೊಸದು ಹಾಕಿದೆ."

"ನಾನು ಒಂದು ಫೋನ್ ಮಾತಾಡಿ ಬರೋದ್ರೊಳಗೆ? ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಚುರುಕು ಕಂಡಿರಲಿಲ್ಲಪ್ಪ."

ಒರೆಗಲ್ಲು ನಗಲಿಲ್ಲ. ಆ ಹೆಸರು ಅವಳೇ ಇಟ್ಟದ್ದು. ಅವನು ಬ್ಯಾಂಕಿನ ಚಿನ್ನ ಪರೀಕ್ಷಕ. ಅಡಮಾನಕ್ಕೆ ಬಂದ ಒಡವೆಯನ್ನು ಕಪ್ಪು ಕಲ್ಲಿಗೆ ತಿಕ್ಕಿ, ಅಸಲಿಯೋ ನಕಲಿಯೋ ಹೇಳಿ, ಚೀಲಕ್ಕೆ ತನ್ನ ಮುದ್ರೆ ಒತ್ತುವುದು ಅವನ ಕೆಲಸ. ಇನ್ನೂರ ಹತ್ತೊಂಬತ್ತು ಎಂದು ಬರೆದಿದ್ದ ಚೀಲವನ್ನು ಸಾಲಿನಲ್ಲಿಟ್ಟು, ಪ್ಯಾಂಟಿನ ಜೇಬಿನ ಮೇಲೆ ಅಂಗೈ ಒತ್ತಿಕೊಂಡು ಹೊರಗೆ ಬಂದ.

ಎಲ್ಲಕ್ಕೂ ಕಾರಣ ಹೊಸ ಸುತ್ತೋಲೆ. ಅಲ್ಲಿಯ ತನಕ ಬಡ್ಡಿ ಕಟ್ಟಿದರೆ ಸಾಲ ತಾನಾಗಿ ಮುಂದಿನ ವರ್ಷಕ್ಕೆ ಉರುಳುತ್ತಿತ್ತು. ಚೀಲ ಬಿಚ್ಚುವ ಮಾತೇ ಇರಲಿಲ್ಲ. ಈಗ ಹಾಗಲ್ಲ. ಪ್ರತಿ ಚೀಲವನ್ನೂ ಸಾಲಗಾರರ ಕಣ್ಣೆದುರು ಬಿಚ್ಚಬೇಕು, ಹೊರಗಿನ ತನಿಖೆಗಾರ ಯಂತ್ರದಲ್ಲಿಟ್ಟು ನೋಡಬೇಕು. ಸಾಲಗಾರರು ಸತ್ತಿದ್ದರೆ ವಾರಸುದಾರರು ಬರಬೇಕು. ಸುಳ್ಳು ಮುದ್ರೆ ಒತ್ತಿದವನಿಗೆ ಕೆಲಸವೂ ಇಲ್ಲ, ಮನೆಯ ಊಟವೂ ಇಲ್ಲ, ಸೀದಾ ಜೈಲು.

ಇನ್ನೂರ ಹತ್ತೊಂಬತ್ತು ಒಬ್ಬ ದರ್ಜಿ ಹೆಂಗಸಿನದು. ಒಂದು ಸರ, ಇಪ್ಪತ್ತೆಂಟು ಗ್ರಾಂ. ಹನ್ನೊಂದು ವರ್ಷದ ಸಾಲ, ಒಂದು ತಿಂಗಳೂ ಬಡ್ಡಿ ತಪ್ಪಿಲ್ಲ. ಆಕೆ ಸತ್ತು ಆರು ವರ್ಷವಾಯಿತೆಂದು ಬ್ಯಾಂಕಿಗೆ ಗೊತ್ತಾದದ್ದೇ ಮೊನ್ನೆ, ನೋಟೀಸಿಗೆ ಮಗಳು ಉತ್ತರ ಬರೆದಾಗ.

"ಸತ್ತ ಮೇಲೂ ಬಡ್ಡಿ ಕಟ್ಟೋ ಗಿರಾಕಿ!" ಕ್ಯಾಷಿಯರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು. "ಬದುಕಿರೋರೇ ಕಟ್ಟಲ್ಲ, ಇದ್ಯಾವ ದೆವ್ವ ಸಹಿ ಹಾಕಿ ಕಟ್ಟುತ್ತೆ?"

ಒರೆಗಲ್ಲಿಗೆ ಗೊತ್ತಿತ್ತು. ಪ್ರತಿ ತಿಂಗಳ ಒಂದನೆಯ ತಾರೀಖು ಆಕೆ ಅವನ ಮೇಜಿನೆದುರಿನ ಬೆಂಚಿನ ಮೇಲೆ ಬಂದು ಕೂರುತ್ತಿದ್ದಳು. ಸತ್ತ ಮೇಲೂ. ಬೆರಳಿಗೆ ಸೂಜಿ ಚುಚ್ಚಿದ ಗುರುತುಗಳು, ಅದೇ ಒಣ ಕೆಮ್ಮು. ಮಾತಿಲ್ಲ, ಬೈಗುಳವಿಲ್ಲ. ಬರಿದಾದ ಕೊರಳನ್ನು ಒಮ್ಮೆ ಮುಟ್ಟಿಕೊಂಡು ಅವನನ್ನೇ ನೋಡುವಳು. ಅವನು ತಲೆ ತಗ್ಗಿಸಿ, ಚೀಟಿಯ ಮೇಲೆ ಅವಳ ಸಹಿಯನ್ನು ತಾನೇ ಹಾಕಿ, ಹಣ ಮಡಿಚಿಟ್ಟು ಕೌಂಟರಿನ ಡಬ್ಬಿಗೆ ಹಾಕಿ ಬರುವನು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಅವನು ತಿಂಗಳು ತಿಂಗಳೂ ಉಣ್ಣುತ್ತಿದ್ದ.

ಮನೆಯಲ್ಲೂ ನೆಮ್ಮದಿಯಿಲ್ಲ. ತನಿಖೆ ಒಂದನೆಯ ತಾರೀಖಿಗೇ ಬಿದ್ದಿತ್ತು. ಅವತ್ತು ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಕುಕ್ಕಿದಳು.

"ನನ್ನ ಸರ ಪಾಲಿಶ್‌ಗೆ ಕೊಟ್ಟು ಹದಿನೈದು ದಿನ ಆಯ್ತು. ಅವನೇನು ಪಾಲಿಶ್ ಹಾಕ್ತಿದಾನೋ, ಗಣಿ ಅಗೀತಿದಾನೋ?"

"ಬರುತ್ತೆ."

"ನಿಮ್ಮ 'ಬರುತ್ತೆ'ಗಳನ್ನೇ ಪೋಣಿಸಿ ಕೊರಳಿಗೆ ಹಾಕ್ಕೊಳ್ತೀನಿ, ಬಿಡಿ."

ಅವಳ ಬೋಳು ಕೊರಳನ್ನು ನೋಡಲಾಗದೆ ಅವನು ಚಪ್ಪಲಿ ಮೆಟ್ಟಿ ಹೊರಟ.

ಮಗಳು ಹನ್ನೊಂದು ಗಂಟೆಗೆ ಬಂದಳು. ಇಪ್ಪತ್ತರ ಆಚೀಚೆ. ಕೊರಳಿನ ಕೆಳಗೆ, ಅಂಗಿಯ ಅಂಚಿನಲ್ಲಿ, ಹಳೆಯ ಗಾಯದ ಹೊಲಿಗೆಯ ಗೆರೆಯೊಂದು ಇಣುಕುತ್ತಿತ್ತು. ಬೆಂಚಿನ ಮೇಲೆ, ತಾಯಿ ಕೂರುತ್ತಿದ್ದ ಜಾಗದಲ್ಲೇ ಕೂತಳು. ತಾಯಿಯ ಹಾಗೆಯೇ ಅವನನ್ನು ದಿಟ್ಟಿಸಿದಳು.

"ಚಿನ್ನ ನೋಡೋರು ನೀವೇ ಅಲ್ವಾ?"

"ಹೌದಮ್ಮ."

"ಬಡ್ಡಿಯೆಲ್ಲ ಕಟ್ಟಿದೆ ಅಂತ ನೋಟೀಸಲ್ಲಿತ್ತು. ನಾನು ಒಂದು ಪೈಸೆ ಕಟ್ಟಿಲ್ಲ. ನಿಮ್ಮನ್ನ ಒಂದ್ಸಲ ನೋಡಬೇಕು ಅಂತಾನೇ ಬಂದೆ."

ಅವನು ಎದ್ದು ಚೀಲ ತಂದು ತನಿಖೆಗಾರನ ಮುಂದಿಟ್ಟ.

ತನಿಖೆಗಾರ ಚೀಲವನ್ನು ಬೆಳಕಿಗೆ ಹಿಡಿದ. "ಬಟ್ಟೆ ಹನ್ನೊಂದು ವರ್ಷ ಹಳೇದು, ಅರಗು ಮಾತ್ರ ಹೊಸದು. ಯಾಕೆ?"

ಒರೆಗಲ್ಲಿನ ಕೈ ಜೇಬಿನ ಮೇಲೆ ಬಿಗಿಯಿತು.

"ಬಿರುಕು ಬಿಟ್ಟಿತ್ತು. ನಾನಿದ್ದೆ," ಎಂದಳು ಕ್ಯಾಷಿಯರಮ್ಮ, ಯಾರ ಮುಖವನ್ನೂ ನೋಡದೆ.

ತನಿಖೆಗಾರ ಸರವನ್ನು ಹೊರತೆಗೆದ. ಕೊಂಡಿಯ ಬಳಿ ಬೆರಳಾಡಿಸಿ ಹುಬ್ಬು ಗಂಟಿಕ್ಕಿದ. "ಇಲ್ಲಿ ಒಂದೆರಡು ಕಣ್ಣಿ ಈಚೆಗೆ ಕತ್ತರಿಸಿ ತೆಗೆದ ಹಾಗಿದೆ." ತಕ್ಕಡಿಯಲ್ಲಿಟ್ಟ. ಇಪ್ಪತ್ತೆಂಟು ಗ್ರಾಂ, ಕೂದಲೆಳೆಯ ವ್ಯತ್ಯಾಸವಿಲ್ಲ. "ಪುಸ್ತಕದಲ್ಲಿ ಚಿನ್ನ ಅಂತ ಬರೆದುಬಿಟ್ರೆ ಈಗ ಸಾಲದು, ನೋಡಿ," ಎನ್ನುತ್ತ ಯಂತ್ರದ ಮುಚ್ಚಳ ಹಾಕಿದ.

ಒರೆಗಲ್ಲು ಕಣ್ಣು ಮುಚ್ಚಿದ. ಕೆಮ್ಮು ಕೇಳಿಸಿತು. ಬೇರೆ ಯಾರೂ ತಿರುಗಿ ನೋಡಲಿಲ್ಲ.

ಯಂತ್ರ ಕುಂಯ್‌ಗುಟ್ಟಿತು. "ಇಪ್ಪತ್ತೆರಡು ಕ್ಯಾರೆಟ್. ಅಪ್ಪಟ. ಮುಂದಿನ ಚೀಲ ತನ್ನಿ."

ಒರೆಗಲ್ಲು ತನ್ನ ಕುರ್ಚಿಗೆ ಹೋಗಿ ದೊಪ್ಪನೆ ಕೂತ. ಎದುರಿನ ಬೆಂಚು ಖಾಲಿಯಿತ್ತು. ನಿಜವಾಗಿಯೂ ಖಾಲಿ. ಎಷ್ಟು ವರ್ಷವಾಗಿತ್ತೋ ಒಂದನೆಯ ತಾರೀಖಿನಂದು ಅದನ್ನು ಹಾಗೆ ನೋಡಿ.

ಮಗಳು ಅಸಲು ಕಟ್ಟಿ, ರಸೀದಿ ಮಡಿಚಿ, ಸರ ಹಿಡಿದು ಅವನ ಮೇಜಿನ ಬಳಿ ಬಂದಳು. ಅದನ್ನು ಕೊರಳಿಗೆ ಹಾಕಿಕೊಂಡಿರಲಿಲ್ಲ. ಯಾರಿಗೂ ಕೇಳಿಸದ ಹಾಗೆ ಬಗ್ಗಿದಳು. ಕಣ್ಣು ತುಂಬಿತ್ತು.

"ನನ್ನ ಎದೆ ಆಪರೇಷನ್‌ಗೆ ಅಂತ ಅಮ್ಮ ಗೊತ್ತಿದ್ದೂ ಹಿತ್ತಾಳೆ ಸರ ತಂದಿಟ್ರಂತೆ. ಕಲ್ಲಿಗೆ ತಿಕ್ಕಿದ ತಕ್ಷಣ ನೀವು ತಲೆ ಎತ್ತಿ ನೋಡಿದ್ರಂತೆ. ಆಮೇಲೆ ಆಸ್ಪತ್ರೆ ಚೀಟಿ ನೋಡಿ, ಚಿನ್ನ ಅಂತ ಬರೆದ್ರಂತೆ. ಸಾಯೋ ಮುಂಚೆ ಹೇಳಿದ್ರು."

ಅವಳು ಸರವನ್ನು ಅವನ ಮುಂದಿಟ್ಟು, ಜೇಬನ್ನು ಅದುಮಿದ್ದ ಅವನ ಕೈಯತ್ತ ಅಂಗೈ ಚಾಚಿದಳು.

"ಇದನ್ನ ನಿಮ್ಮನೆಯವರಿಗೆ ವಾಪಸ್ ಕೊಟ್ಬಿಡಿ, ಅಂಕಲ್, ಅಮ್ಮಂದು ನಿಮ್ಮ ಜೇಬಲ್ಲಿದೆಯಲ್ಲ, ನನಗೆ ಅದು ಕೊಡಿ."