ಎರಡು ರೈನ್‌ಕೋಟು

ದೋಣಿ ಕಚೇರಿಯ ಮೆಟ್ಟಿಲಿನವರೆಗೂ ಹೋದ ಕೊಡೆ ರಿಪೇರಿಯವನು ಒಳಗೆ ಕಾಲಿಡದೆ ಹಿಂದಿರುಗಿದ. ಟಿಕೆಟ್ ಕೊಡುವವನು ಕಿಟಕಿಯಲ್ಲಿ ಆಕಳಿಸುತ್ತ ಕೂತಿದ್ದ. ಎದುರಿಗೆ ಒಬ್ಬ ಗಿರಾಕಿಯೂ ಇರಲಿಲ್ಲ.

"ಟಿಕೆಟ್ ಸಿಗಲಿಲ್ಲ ಕಣೇ," ಎಂದ ಮನೆಗೆ ಬಂದು. "ಎಲ್ಲಾ ಪ್ರವಾಸದವರೇ ತಗೊಂಡುಬಿಟ್ಟಿದ್ದಾರೆ."

ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ತಲೆಯೆತ್ತಲಿಲ್ಲ. "ಹೋದ ವಾರ ಹೊಳೆ ತುಂಬಿದೆ ಅಂದ್ರಿ. ಅದಕ್ಕೆ ಮುಂಚೆ ಇಂಜಿನ್ ಕೆಟ್ಟಿದೆ ಅಂದ್ರಿ. ಇನ್ನು ಕಾಡೇ ಎಲ್ಲೋ ಹೋಗಿದೆ ಅಂತ ಹೇಳೋದೊಂದು ಬಾಕಿ."

ಅವನು ನಕ್ಕುಬಿಟ್ಟ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು.

ಆ ಊರಿಗೆ ಬರುವವರೆಲ್ಲ ಹೊಳೆಯಾಚೆಯ ಮಳೆಕಾಡು ನೋಡಲೆಂದೇ ಬರುವವರು. ಲಾಡ್ಜುಗಳು, ಬೂಟು ಬಾಡಿಗೆಗೆ ಕೊಡುವವರು, ಇವನ ಕೊಡೆ ಅಂಗಡಿ, ಎಲ್ಲವೂ ಅವರಿಂದಲೇ ನಡೆಯಬೇಕು. "ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಅಂಥ ಅಲ್ಪರೇ ನನ್ನ ಅನ್ನದಾತರು!" ಎಂದು ಬಂದವರನ್ನೆಲ್ಲ ನಗಿಸುತ್ತಿದ್ದವನು ಈಚೆಗೆ ಆ ಮಾತು ಬಿಟ್ಟಿದ್ದ.

ಒಬ್ಬನೇ ಮಗ ಆ ಕಾಡಿನೊಳಗೆ ಫಾರೆಸ್ಟ್ ಗಾರ್ಡ್. ಅಲ್ಲಿ ಮೊಬೈಲ್ ಹಿಡಿಯುವುದಿಲ್ಲ, ಸುದ್ದಿಯೇನಿದ್ದರೂ ದೋಣಿಯವನ ಬಾಯಲ್ಲೇ ಬರಬೇಕು. ಮಳೆ ಶುರುವಾದ ವಾರ ಮಾತ್ರ ಅರಣ್ಯ ಕಚೇರಿಯ ಸಾಹೇಬರೇ ಅಂಗಡಿಗೆ ಫೋನ್ ಮಾಡಿದರು. "ಮೈಮೇಲೆ ಮರ ಬಿತ್ತು. ಹೊಳೆ ಉಕ್ಕಿದೆ, ಈಚೆ ತರೋಕೆ ದಾರಿಯಿಲ್ಲ. ಅಲ್ಲೇ ಮಣ್ಣು ಮಾಡಿದ್ದಾರೆ."

ಹೆಂಡತಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. ಆಘಾತವಾಗುವಂಥ ಮಾತು ಕಿವಿಗೆ ಬೀಳಬಾರದು ಎಂದಿದ್ದರು ಡಾಕ್ಟರು. ಅವನು ಮಗನ ಸಾವನ್ನು ಅಂಗಡಿಯಲ್ಲೇ ಬಿಟ್ಟು ಬೀಗ ಹಾಕಿ, ಮುಖ ತೊಳೆದು ಮನೆಗೆ ಬಂದ. ಅಂದಿನಿಂದ ದೋಣಿಯವನು ಹೇಳದ ಸುದ್ದಿಯನ್ನೆಲ್ಲ ತಾನೇ ಹೊಸೆದು ಹೇಳುತ್ತಿದ್ದ. ಚೆನ್ನಾಗಿದ್ದಾನಂತೆ. ಸ್ವಲ್ಪ ದಪ್ಪ ಆಗಿದ್ದಾನಂತೆ. ಆ ದೋಣಿಯವನು ಎದುರಾದರೆ ಬೀದಿ ಬದಲಿಸುತ್ತಿದ್ದ. ಅಳುವುದಕ್ಕೂ ಅವನಿಗೊಂದು ಜಾಗವಿರಲಿಲ್ಲ.

ಅವಳದ್ದೋ ಒಂದೇ ಹಟ. "ಅವನು ಇನ್ನು ಬರೋನಲ್ಲ ರೀ. ನಾವೇ ಹೋಗ್ಬೇಕು."

"ಬರ್ತೀನಿ ಅಂತ ಹೇಳಿ ಹೋಗಿದ್ದಾನಲ್ಲೇ."

"ಹೋಗೋರೆಲ್ಲ ಹಾಗೇ ಅನ್ನೋದು."

ಅಕ್ಕನ ಮನೆಗೆ ಹೋಗಿ ಬಂದ ಮೇಲಂತೂ ಅವಳ ತಯಾರಿ ಜೋರಾಯಿತು. ಬಂದವಳೇ ಪಾದದ ಗಂಟು ಕೆರೆದು ಕೆರೆದು ಗಾಯ ಮಾಡಿಕೊಂಡಳು. ಅಕ್ಕನ ಮನೆಯ ಸೊಳ್ಳೆಯನ್ನು ಅವನು ಬೈದ. ಜಿಗಣೆಗೆಂದು ಉಪ್ಪಿನ ಗಂಟು ಕಟ್ಟಿದಳು. ಒಣಬಟ್ಟೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಳು. ಅವನು ಅಂಗಡಿಯಿಂದ ಒಳ್ಳೆಯದೊಂದು ಕೊಡೆ ತಂದುಕೊಟ್ಟರೆ ಮೂಲೆಗಿಟ್ಟಳು.

"ಅಲ್ಲಿ ಕೊಡೆ ನಡೆಯಲ್ಲ. ಮಳೆ ನಿಂತ್ಮೇಲೂ ಮರ ಸುರಿಸ್ತಾನೇ ಇರುತ್ತೆ. ಬಳ್ಳಿ ಹಿಡ್ಕೊಂಡು ಇಳಿಯೋಕೆ ಎರಡು ಕೈಯೂ ಬೇಕು."

ಮಗ ಯಾವಾಗಲೋ ಹೇಳಿರಬೇಕು ಎಂದುಕೊಂಡ.

ಆ ಕಾಡಿನ ಮಳೆಗೆ ರೈನ್‌ಕೋಟು ಒಂದು ವರ್ಷ ಬಾಳಿದರೆ ಹೆಚ್ಚು. ವರ್ಷವೂ ಅವಳು ಮಗನಿಗೊಂದು ಹೊಲಿದು ದೋಣಿಯವನ ಕೈಗೆ ಕೊಟ್ಟು ಬರುತ್ತಿದ್ದಳು. ಈ ಸಲ ಯಂತ್ರದಿಂದ ಇಳಿದದ್ದು ಎರಡೇ, ಒಂದು ಅವಳಿಗೆ, ಒಂದು ಇವನಿಗೆ. ಗಡಿಬಿಡಿಯಲ್ಲಿ ಮರೆತಿದ್ದಾಳೆ, ಸದ್ಯ, ಎಂದು ಉಸಿರು ಬಿಟ್ಟ.

ಕಡೆಗೆ ಅವಳೇ ಹೋಗಿ ಟಿಕೆಟ್ ತಂದಳು.

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ದೋಣಿ ದಡ ಬಿಡುವ ಮುಂಚೆ ಹೇಳಿಬಿಡಬೇಕು. ಜೇಬಿನಲ್ಲಿ ಅವಳ ಮಾತ್ರೆ ಇದೆಯೇ ಎಂದು ದಾರಿಯುದ್ದಕ್ಕೂ ತಡವಿಕೊಂಡ. ಚೀಲದ ಭಾರಕ್ಕೆ ಅವನ ಹೆಗಲು ವಾಲಿತ್ತು.

"ಎಷ್ಟು ಅಂತ ಒಬ್ಬರೇ ಹೊರ್ತೀರಿ?" ಎಂದು ಅವಳು ಚೀಲದ ಒಂದು ಹಿಡಿ ಹಿಡಿದಳು.

ದೋಣಿಯಲ್ಲಿ ಅವನು ಚೀಲ ಕೆಳಗಿಟ್ಟ. "ಇಲ್ಲಿ ನೋಡೇ, ನಿಂಗೊಂದು ಮಾತು..."

"ಮೊದಲು ಈ ಕಡೆ ಬನ್ನಿ. ಆ ಕಡೆ ನೀರು ಎರಚುತ್ತೆ."

ಅಷ್ಟರಲ್ಲಿ ಹಗ್ಗ ಬಿಚ್ಚುತ್ತಿದ್ದ ದೋಣಿಯವನು ಅವರನ್ನು ಕಂಡು ಎದ್ದು ಬಂದ. ಎಲ್ಲ ಮುಗಿಯಿತು. ಅವನ ಬಾಯಿ ಮುಚ್ಚಿಸಲು ಕೊಡೆಯವನು ಎದ್ದ, ದೋಣಿ ವಾಲಿತು. ಹೆಂಡತಿ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಹಿಡಿದ ಕೈ ಬಿಡಲಿಲ್ಲ.

"ಅಂತೂ ಯಜಮಾನ್ರನ್ನ ಕರ್ಕೊಂಡು ಬಂದ್ರಾ ಅಮ್ಮ?" ಎಂದ ದೋಣಿಯವನು, ಮೆಲ್ಲಗೆ. "ಹೋದ ಸಲ ನೀವು ಮಗನ ತಲೆದೆಸೇಲಿ ನೆಟ್ಟು ಬಂದ ಗಿಡ ಚಿಗುರಿದೆ."